ಕೂಡಿಸಿ ಹೊರಗಿಟ್ಟಿದ್ದು, ಬಿಡಿಸಿ ಕೇಳಿದ್ದು

ಮಾಲಿನಿ: ಸರ್, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಐವರು ಕಪ್ಪು ಹೆಂಗಸರು ಜನರಲ್ ಮೋಟಾರ್ಸ್ ಮೇಲೆ ಹೂಡಿದ ದಾವೆ ಓದಿದೆ. 1976ರ ತೀರ್ಪು. ಜಡ್ಜ್ ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಆದರೂ ತೀರ್ಪು ತಪ್ಪು ಅನ್ನಿಸುತ್ತೆ.

ರಾಜಶೇಖರ: ಅನ್ನಿಸಿದರೆ ಸಾಲದು. ಎಲ್ಲಿ ತಪ್ಪಿತು, ತೋರಿಸು.

ಮಾಲಿನಿ: 1964ಕ್ಕೆ ಮೊದಲು ಕಂಪನಿ ಕಪ್ಪು ಹೆಂಗಸರನ್ನು ಸೇರಿಸಿಕೊಂಡಿರಲೇ ಇಲ್ಲ. ಆಮೇಲೆ ಸೇರಿಸಿಕೊಂಡಿತು. ವ್ಯಾಪಾರ ಇಳಿದಾಗ ಸೇವಾ ಹಿರಿತನದ ಪಟ್ಟಿ ಹಿಡಿದು, ಕೊನೆಗೆ ಬಂದವರನ್ನು ಮೊದಲು ಕಳಿಸಿದರು. 1970ರ ನಂತರ ಸೇರಿದ ಕಪ್ಪು ಹೆಂಗಸರೆಲ್ಲ ಹೊರಗೆ! ಕೋರ್ಟು ಏನೆಂದಿತು? ಕಂಪನಿ ಮೊದಲಿಂದಲೂ ಹೆಂಗಸರಿಗೆ ಕೆಲಸ ಕೊಟ್ಟಿದೆ, ಲಿಂಗ ತಾರತಮ್ಯ ಇಲ್ಲ ಅಂತ. ಆ ಹೆಂಗಸರು ಬಿಳಿಯರು ಅನ್ನೋದು ಲೆಕ್ಕಕ್ಕೇ ಬರಲಿಲ್ಲ.

ರಾಜಶೇಖರ: ಜನಾಂಗದ ದೂರು?

ಮಾಲಿನಿ: ಅದೇ ಕಂಪನಿ ಮೇಲೆ ಮೋಸ್ಲಿ ಎಂಬವರ ಕೇಸಿದೆ, ಅದರ ಜೊತೆ ಸೇರಿಕೊಳ್ಳಿ ಅಂದು ವಜಾ ಮಾಡಿದರು.

ರಾಜಶೇಖರ: ಒಂದೇ ಪ್ರತಿವಾದಿ, ಒಂದೇ ಬಗೆಯ ದೂರು. ಕ್ಲಬ್ ಮಾಡಿ ಅಂತ ನಾನೂ ಅರ್ಜಿ ಹಾಕುತ್ತಿದ್ದೆ.

ಮಾಲಿನಿ: ಅಲ್ಲಿಗೆ ಹೋದರೆ ಇವರು ಹೆಂಗಸರು ಅನ್ನೋದೇ ಬಿಟ್ಟುಹೋಗುತ್ತೆ. ಅದಕ್ಕೇ ಅವರು ಒಪ್ಪಲಿಲ್ಲ.

ರಾಜಶೇಖರ: ಹೊಸ ಹೊಸ ವರ್ಗ ಹುಟ್ಟಿಕೊಳ್ಳುತ್ತವೆ ಅನ್ನೋ ನ್ಯಾಯಾಧೀಶರ ಭಯವೂ ಪೊಳ್ಳಲ್ಲಮ್ಮ. ಉದ್ಯೋಗದಲ್ಲಿ ತಾರತಮ್ಯ ತಡೆಯುವ 1964ರ ಕಾಯ್ದೆಯಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ, ಮೂಲದೇಶ ಎಂದಿದೆ. ಒಂದಕ್ಕೊಂದು ಬೆರೆಸುತ್ತ ಹೋದರೆ ಕೊನೆಗೆ ಒಬ್ಬೊಬ್ಬರೂ ಒಂದು ವರ್ಗ. ಆಗ ಯಾರನ್ನು ಯಾರ ಜೊತೆ ಹೋಲಿಸುತ್ತಿ?

ಮಾಲಿನಿ: ವರ್ಗ ಹುಟ್ಟಿಸಿದ್ದು ಈ ಐವರಲ್ಲ ಸರ್, ಕಂಪನಿ. ನೇಮಕಾತಿಯಲ್ಲಿ ಜನಾಂಗ, ಲಿಂಗ ಎರಡನ್ನೂ ಕೂಡಿಸಿ ಹೊರಗಿಟ್ಟವರಿಗೆ, ಕೋರ್ಟಿನಲ್ಲಿ ಬಿಡಿಬಿಡಿಯಾಗಿ ಉತ್ತರಿಸುವ ಅನುಕೂಲ ಯಾಕೆ? ಹೋಲಿಕೆಗೆ ಬಿಳಿ ಹೆಂಗಸರಿದ್ದರಲ್ಲ. ಬೆರಕೆ ಎಲ್ಲಿಗೆ ನಿಲ್ಲಬೇಕು ಅನ್ನೋದು ಹೊರಗಿಟ್ಟವರ ನಡೆಯಿಂದಲೇ ಗೊತ್ತಾಗುತ್ತೆ.

ರಾಜಶೇಖರ: ಹಾಂ, ಇದು ವಾದ. ಕೇಸು ಸೇರಿಸಬೇಕೋ ಬೇಡವೋ ಅನ್ನೋ ಗುಮಾಸ್ತಿಕೆಯ ಪ್ರಶ್ನೆಯಲ್ಲೇ, ಇವರು ಯಾರು ಅನ್ನೋದೂ ತೀರ್ಮಾನವಾಗಿಬಿಟ್ಟಿತು. 1989ರಲ್ಲಿ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ ತಮ್ಮ ಲೇಖನದಲ್ಲಿ ಈ ತೀರ್ಪನ್ನು ಹಿಡಿದುಕೊಂಡದ್ದೂ ಅದಕ್ಕೇ. ಮೇಲ್ಮನವಿ?

ಮಾಲಿನಿ: 1977ರಲ್ಲಿ ಮೇಲಿನ ಕೋರ್ಟು ಕೆಳಗಿನವರ ತರ್ಕವನ್ನು ಪೂರ್ತಿ ಒಪ್ಪಲಿಲ್ಲ. ಆದರೆ ಸೇವಾ ಹಿರಿತನಕ್ಕೆ 1964ರ ಕಾಯ್ದೆಯಲ್ಲೇ ರಕ್ಷಣೆ ಇತ್ತು, ಆ ಕಾಯ್ದೆಯಡಿಯ ವಾದ ಬಿದ್ದುಹೋಯಿತು. ಕಪ್ಪು ಹೆಂಗಸು ಎಂದೇ ದೂರು ಕೊಡಬಹುದು ಅಂತ ಇನ್ನೊಂದು ಮೇಲ್ಮನವಿ ಕೋರ್ಟಾದ ಐದನೇ ಸರ್ಕ್ಯೂಟ್ ಹೇಳಿದ್ದು 1980ರಲ್ಲಿ, ಟೆಕ್ಸಾಸ್‌ನ ಬೇರೊಂದು ಕೇಸಿನಲ್ಲಿ.