ಗೋಡೆಯಾಚೆಯ ಅಳು

ಚಿಂತಾಮಣಿಯಲ್ಲಿ ಕನ್ನಡ ಪಾಠ ಹೇಳುವವನು ಮಹಾಭಾರತದ ಒಂದು ಭಾಗಕ್ಕೆ ಬಂದಾಗ ಸ್ವಲ್ಪ ಎಚ್ಚರದಿಂದಿರಬೇಕು. ಬಕಾಸುರನ ಹೆಸರೆತ್ತಿದೊಡನೆ ಕೈವಾರದ ಕಡೆಯ ಹುಡುಗರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂಡುತ್ತಾರೆ. ಏಕಚಕ್ರನಗರವೆಂದರೆ ತಮ್ಮ ಕೈವಾರವೇ ಎಂಬುದು ಅವರ ನಂಬಿಕೆ. ಭೀಮೇಶ್ವರನ ಗುಡಿಯಿದೆ, ಬಕನನ್ನು ಅಡಗಿಸಿದ ಬೆಟ್ಟವಿದೆ. ಇನ್ನೇನು ಸಾಕ್ಷಿ ಬೇಕು? ನಾನಂತೂ ಅದನ್ನು ಚರಿತ್ರೆಯ ತಕ್ಕಡಿಯಲ್ಲಿಟ್ಟು ತೂಗಲು ಹೋಗುವುದಿಲ್ಲ.

ಕಳೆದ ವರ್ಷ ಅಂಥ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತು ಕೇಳಿದ: “ಸಾರ್, ನಮ್ಮೂರಲ್ಲಿ ತಿರಿದುಂಡವರೇ ಅಲ್ಲವೆ ಆಮೇಲೆ ಇಂದ್ರಪ್ರಸ್ಥ ಕಟ್ಟಿದ್ದು? ಇಲ್ಲಿ ಬೇರೆಯವರ ಮಗುವಿಗಾಗಿ ಪ್ರಾಣ ಕೊಡಲು ಹೊರಟವರು ಅಲ್ಲಿ ಇಡೀ ಖಾಂಡವವನಕ್ಕೆ ಬೆಂಕಿ ಬೀಳುವಾಗ ಕಾವಲು ನಿಂತದ್ದು ಹೇಗೆ?” ಅಗ್ನಿಯ ಹಸಿವು, ಕೊಟ್ಟ ಮಾತು ಎಂದು ನಾನು ಏನೋ ಹೇಳಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಬದುಕಿಕೊಂಡೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂತು.

ಯೋಚಿಸಿದಷ್ಟೂ ಆ ಪ್ರಶ್ನೆ ಪಾಂಡವರನ್ನು ಮಾತ್ರ ಕುರಿತದ್ದಲ್ಲವೆನಿಸಿತು. ನಕ್ಷೆ ಬರೆದು ಕಟ್ಟುವ ರಾಜಧಾನಿಗಳನ್ನೆಲ್ಲ ಅದು ಕೇಳುತ್ತದೆ. ಸಾಮಾನ್ಯವಾದ ಊರು ಹುಟ್ಟುವ ಬಗೆಯೇ ಬೇರೆ. ನಮ್ಮ ಚಿಂತಾಮಣಿಗೆ ಚಿಂತಾಮಣಿರಾಯನೆಂಬ ಮರಾಠ ನಾಯಕನ ಹೆಸರು ಬಂದಿದೆ. ಹೆಸರು ಅವನದಾದರೂ ಊರನ್ನು ಬೆಳೆಸಿದ್ದು ವ್ಯಾಪಾರ. ಜನ ಬಂದರು, ಕಾಲುದಾರಿ ಬಿತ್ತು. ಗಾಡಿ ಬಂತು, ಕಾಲುದಾರಿ ಬೀದಿಯಾಯಿತು. ಯೋಜಿತ ರಾಜಧಾನಿಯಲ್ಲಿ ಇದು ತಲೆಕೆಳಗು. ಅಲ್ಲಿ ಮೊದಲು ಬೀದಿ, ಆಮೇಲೆ ಜನ. ಮೊದಲು ಸಭಾಭವನ, ಆಮೇಲೆ ಸಭಿಕರು. ಯಾರು ಎಲ್ಲಿರಬೇಕೆಂಬುದನ್ನು ಅವರು ಬರುವ ಮೊದಲೇ ಒಬ್ಬರು ಕುಳಿತು ತೀರ್ಮಾನಿಸಿರುತ್ತಾರೆ.

ಹೊಸದಿಲ್ಲಿಯನ್ನೇ ನೋಡಿ. 1911ರ ಡಿಸೆಂಬರ್ 12ರಂದು ದಿಲ್ಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆ ರಾಜಧಾನಿಯು ಕಲ್ಕತ್ತೆಯಿಂದ ಅಲ್ಲಿಗೆ ಬರುವುದೆಂದು ಸಾರಿದ. ಲುಟ್ಯೆನ್ಸ್ ಮತ್ತು ಬೇಕರ್ ನಕ್ಷೆ ಬರೆದರು. ಅವರ ಕಾಗದ ಬಿಳಿಯದಾಗಿತ್ತು; ನೆಲ ಬಿಳಿಯದಾಗಿರಲಿಲ್ಲ. ಅಲ್ಲಿ ರೈಸಿನಾ ಇತ್ತು, ಮಾಲ್ಚಾ ಇತ್ತು, ಉಳುವವರಿದ್ದರು. ಅವರನ್ನು ಎಬ್ಬಿಸಿ ನಗರ ಕಟ್ಟಿದರು. ಮನೆಗಳನ್ನು ಹಂಚುವಾಗ ಅಧಿಕಾರದ ಮೆಟ್ಟಿಲಿಗೆ ತಕ್ಕಂತೆ ಅಂಗಳದ ಅಳತೆ. ದೊಡ್ಡವರು ಗುಡ್ಡದ ಹತ್ತಿರ, ಗುಮಾಸ್ತರು ದೂರ. 1931ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹದಿನೇಳು ವರ್ಷಗಳು ಕಳೆಯುವುದರೊಳಗೆ, 1947ರಲ್ಲಿ, ಕಟ್ಟಿಸಿದವರ ಆಳ್ವಿಕೆಯೇ ಮುಗಿದುಹೋಯಿತು.

ಪರಕೀಯರು, ದರ್ಪದಿಂದ ಕಟ್ಟಿದರು ಎಂದು ಹೇಳಿ ನಾವು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ನಮ್ಮ ನಾಡಿನಲ್ಲಿಯೇ ಒಬ್ಬ ರಸಿಕ ದೊರೆ ಇಂಥ ಕೆಲಸಕ್ಕೆ ಕೈ ಹಾಕಿದ್ದ. ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾ ಸಂಗೀತದ ಹುಚ್ಚಿನವನು, ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಹಾಡುಗಬ್ಬ ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು, ‘ಜಗದ್ಗುರು’ ಎನಿಸಿಕೊಂಡವನು. 1599ರಲ್ಲಿ ಆತ ವಿಜಯಪುರದ ಪಶ್ಚಿಮಕ್ಕೆ, ತೊರವಿಯ ಬಳಿ, ನವರಸಪುರವೆಂಬ ಹೊಸ ರಾಜಧಾನಿಗೆ ಅಡಿಗಲ್ಲಿಟ್ಟ. ಅರಮನೆಗಳೆದ್ದವು, ಸರದಾರರೂ ವರ್ತಕರೂ ಮನೆ ಕಟ್ಟಿದರು. ಕೋಟೆಯ ಗೋಡೆ ಮುಗಿಯಲಿಲ್ಲ. 1624ರಲ್ಲಿ ಮಲಿಕ್ ಅಂಬರ್ ದಂಡೆತ್ತಿ ಬಂದು ಅದನ್ನು ಹಾಳುಗೆಡವಿದ.

ನಾನು ಅಲ್ಲಿಗೆ ಒಮ್ಮೆ ಹೋಗಿದ್ದೆ. ಸಂಗೀತ ಮಹಲಿನ ಕಮಾನುಗಳು ಬಾಯಿ ತೆರೆದು ನಿಂತಿವೆ; ಒಳಗೆ ಗಾಳಿಯ ಹೊರತು ಹಾಡುವವರಿಲ್ಲ. ಪಕ್ಕದ ತೊರವಿ ಮಾತ್ರ ಹಾಗೆಯೇ ಇದೆ. ಅದು ಕುಮಾರ ವಾಲ್ಮೀಕಿ ತನ್ನ ರಾಮಾಯಣವನ್ನು ನರಸಿಂಹನಿಗೆ ಅರ್ಪಿಸಿದ ತೊರವೆ. ನಕ್ಷೆಯಿಲ್ಲದ ಹಳ್ಳಿ ಉಳಿಯಿತು. ನವರಸಗಳ ನಗರ ಅಳಿಯಿತು. ಕರುಣವೂ ನವರಸಗಳಲ್ಲಿ ಒಂದಲ್ಲವೆ? ಕಲ್ಲು ಹೊತ್ತವರ ಮನೆಗಳು ಆ ನಗರದಲ್ಲಿ ಎಲ್ಲಿದ್ದುವೆಂದು ನಾನು ಸುತ್ತಲೂ ನೋಡಿದೆ. ಅರಮನೆಗಳಿಗಾದರೆ ಅವಶೇಷವಿರುತ್ತದೆ, ಗುಡಿಸಲಿಗೆ ಅದೂ ಇಲ್ಲ.

ಹಾಗಾದರೆ ಸಮಾನತೆಯನ್ನೇ ಗುರಿಯಾಗಿಟ್ಟುಕೊಂಡು ಕಟ್ಟಿದರೆ? ಅದೂ ಆಗಿದೆ. ಬ್ರೆಜಿಲ್ ದೇಶ ತನ್ನ ಒಳನಾಡಿನ ಬಯಲಿನಲ್ಲಿ ಬ್ರೆಸಿಲಿಯವನ್ನು ಕಟ್ಟಿ 1960ರ ಏಪ್ರಿಲ್ 21ರಂದು ಅದನ್ನು ರಾಜಧಾನಿ ಮಾಡಿತು. ಹಾರುವ ಹಕ್ಕಿಯಂತೆ ಕಾಣುವ ಅದರ ನಕ್ಷೆ ಬರೆದ ಲೂಸಿಯೊ ಕೋಸ್ಟ, ದೊಡ್ಡವರೂ ಸಣ್ಣವರೂ ಒಂದೇ ವಠಾರದಲ್ಲಿ ಬಾಳಬೇಕೆಂದು ಆಶಿಸಿದ್ದ. ಆದರೆ ಬರಗಾಲದ ಸೀಮೆಯಿಂದ ಬಂದು ಗಾರೆ ಹೊತ್ತ ಕೂಲಿಗಳಿಗೆ ನಕ್ಷೆಯಲ್ಲಿ ಜಾಗವೇ ಸಾಲಲಿಲ್ಲ. ಉದ್ಘಾಟನೆಗೆ ಎರಡು ವರ್ಷ ಮೊದಲೇ, 1958ರಲ್ಲಿ, ಅವರಿಗಾಗಿ ಟಾಗ್ವಟಿಂಗ ಎಂಬ ಬೇರೊಂದು ಊರು ದೂರದಲ್ಲಿ ಏಳಬೇಕಾಯಿತು. ಐದು ಲಕ್ಷ ಜನರಿಗೆಂದು ಯೋಚಿಸಿದ್ದ ಆ ರಾಜಧಾನಿ ಪ್ರಾಂತದಲ್ಲಿ 2022ರ ಗಣತಿಯ ವೇಳೆಗೆ ಇಪ್ಪತ್ತೆಂಟು ಲಕ್ಷ ಜನ. ಅವರಲ್ಲಿ ಹೆಚ್ಚಿನವರು ವಾಸವಾಗಿರುವುದು ಹಕ್ಕಿಯ ರೆಕ್ಕೆಯ ಹೊರಗೆ.

ಯೋಜನೆಯೇ ತಪ್ಪೆಂದು ಹೇಳಲು ನಾನು ಸಿದ್ಧನಿಲ್ಲ. ತಾನಾಗಿ ಬೆಳೆದ ಊರಿನ ಸುಖವನ್ನು ಚಿಂತಾಮಣಿಯ ಇಕ್ಕಟ್ಟು ಬೀದಿಗಳಲ್ಲಿ ಮಳೆಗಾಲದ ಒಂದು ಸಂಜೆ ನಡೆದವರು ಬಲ್ಲರು. ಚರಂಡಿಗೂ ಕುಡಿಯುವ ನೀರಿಗೂ ನಕ್ಷೆ ಬೇಕೇ ಬೇಕು. ತಾನಾಗಿ ಬೆಳೆದ ಊರುಗಳೇನು ಧರ್ಮರಾಯನ ಊರುಗಳೆ? ಕೇರಿ ಕೇರಿಗಳನ್ನು ಬೇರ್ಪಡಿಸಲು ನಮಗೆ ಯಾವ ಲುಟ್ಯೆನ್ಸನೂ ಬೇಕಾಗಲಿಲ್ಲ.

ಆದರೂ ಹುಡುಗನ ಪ್ರಶ್ನೆಗೆ ಉತ್ತರ ಕಥೆಯಲ್ಲಿಯೇ ಇದೆಯೆಂದು ಈಗ ನನಗೆ ತೋರುತ್ತದೆ. ಏಕಚಕ್ರದಲ್ಲಿ ಪಾಂಡವರು ಬಡವನೊಬ್ಬನ ಮನೆಯಲ್ಲಿ ಬಿಡಾರ ಮಾಡಿದ್ದರು. ಬಕನ ಬಂಡಿಯ ಸರದಿ ಆ ಮನೆಗೆ ಬಂದ ದಿನ ಅಳು ಕೇಳಿಸಿತು. ಕುಂತಿ ಎದ್ದುಹೋಗಿ, ಯಾಕೆ ಅಳುತ್ತೀರಿ ಎಂದು ಕೇಳಿದಳು. ಭೀಮನ ಪರಾಕ್ರಮವೆಲ್ಲ ಆಮೇಲಿನದು. ಮೊದಲನೆಯದು ಆ ಕೇಳುವಿಕೆ. ಇಂದ್ರಪ್ರಸ್ಥದಲ್ಲಿ ಅವರಿಗೆ ಅರಮನೆ ಇತ್ತು. ಅರಮನೆಗೂ ಖಾಂಡವಕ್ಕೂ ನಡುವೆ ದೂರವಿತ್ತು. ಬುದ್ಧಿ ಅದೇ, ಜನ ಅವರೇ. ಅಳು ಮಾತ್ರ ಕಿವಿಗೆ ಬೀಳಲಿಲ್ಲ. ಆ ಬೆಂಕಿಯಿಂದ ತಪ್ಪಿಸಿಕೊಂಡ ಹಾವಿನ ಮರಿ ಅಶ್ವಸೇನ ಕುರುಕ್ಷೇತ್ರದಲ್ಲಿ ಕರ್ಣನ ಬಾಣವಾಗಿ ಮರಳಿ ಬಂದಾಗ ಅರ್ಜುನನಿಗೆ ಅದು ನೆನಪಾಗಿರಬೇಕು.

ರಾಜಧಾನಿಯ ಅಗಲವಾದ ಹೆದ್ದಾರಿ, ಹಸಿರು ಹಾಸು, ದೂರ ದೂರದ ಭವನಗಳು ಕಣ್ಣಿಗೆ ಹಬ್ಬ. ಆಳುವವನಿಗೆ ಆ ಅಂತರ ಗೌರವ ತರುತ್ತದೆ, ನಿಜ; ಅದೇ ಅಂತರ ಅವನನ್ನು ಕಿವುಡನನ್ನಾಗಿಯೂ ಮಾಡುತ್ತದೆ. ನಗರವನ್ನು ಯೋಜಿಸುವವರು ಗಾಳಿ, ಬೆಳಕು, ನೀರುಗಳ ಲೆಕ್ಕ ಹಾಕುತ್ತಾರೆ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಹಾಕಲಿ: ಇಲ್ಲಿ ಒಬ್ಬರು ಅತ್ತರೆ ಆಳುವವನಿಗೆ ಕೇಳಿಸುವಷ್ಟು ಹತ್ತಿರ ಯಾರ ಮನೆಯಿದೆ?

ಮುಂದಿನ ವಾರ ಆ ಹುಡುಗನನ್ನು ಕರೆದು ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮ್ಮ ಕೈವಾರವೇ ಮೇಲು ಅಂದಹಾಗಾಯಿತು, ಸಾರ್” ಎಂದ. ಆ ದಿನದ ಮಟ್ಟಿಗೆ ನಾನು ಒಪ್ಪಿಕೊಂಡೆ.