ಸಮದೃಷ್ಟಿಯೂ ಮೌನವೂ

ಬಾಯಾರಿದವನಿಗೆ ನೀರು ಕೊಡುವವನು ಅವನ ಕುಲವನ್ನು ಕೇಳಕೂಡದು. ಹಸಿದು ಬಂದವನಿಗೆ ಅನ್ನವಿಕ್ಕುವವನು ಅವನ ಪಕ್ಷವನ್ನು ಕೇಳಕೂಡದು. ದಾಸೋಹವನ್ನು ಕಂಡು ಬೆಳೆದ ಸದ್ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇದರ ಬೆನ್ನಿಗೇ ಒಂದು ಕಠಿನವಾದ ಪ್ರಶ್ನೆಯುಂಟು. ಒಂದೇ ನಾಡಿನ ಎರಡು ಜನಾಂಗಗಳು ಕಾದಾಡಿ, ಸತ್ತವರು ಸತ್ತು, ಉಳಿದವರು ಒಂದೇ ದೇವಾಲಯದ ಬಾಗಿಲಿಗೆ ಬಂದು ನಿಂತಾಗ, ಆ ಬಾಗಿಲನ್ನು ಕಾಯುವವನು ಏನನ್ನೂ ಕೇಳದಿದ್ದರೆ ಸಾಕೆ? ಎಲ್ಲರನ್ನೂ ಸಮನಾಗಿ ಕಾಣುವುದೆಂದರೆ ನಡೆದುದರ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದೆ?

ಶ್ರೀಲಂಕೆಯ ಉತ್ತರಭಾಗದಲ್ಲಿ, ಮನ್ನಾರ್ ಜಿಲ್ಲೆಯ ಅರಣ್ಯಮಧ್ಯದಲ್ಲಿರುವ ಮಡು ಎಂಬ ಕ್ರೈಸ್ತಕ್ಷೇತ್ರದ ಚರಿತ್ರೆಯು ಈ ಪ್ರಶ್ನೆಗೆ ಒರೆಗಲ್ಲಾಗಿದೆ. (ಮಡು ಎಂಬ ಶಬ್ದಕ್ಕೆ ಕನ್ನಡದಲ್ಲಿರುವ ಅರ್ಥವೇ ತಮಿಳಿನಲ್ಲಿಯೂ ಇರುವುದು.) ಆ ಸ್ಥಳ ಹುಟ್ಟಿದುದೇ ಆಶ್ರಯ ಬೇಡಿ ಬಂದವರಿಂದ. ಡಚ್ಚರು ರೋಮನ್ ಕ್ಯಾಥೊಲಿಕರನ್ನು ಪೀಡಿಸುತ್ತಿದ್ದ ಕಾಲದಲ್ಲಿ, 1670ರ ಸುಮಾರಿಗೆ, ಮಾಂತೈ ಎಂಬಲ್ಲಿಯ ಇಪ್ಪತ್ತು ಕುಟುಂಬಗಳು ತಮ್ಮ ಮಾತೆ ಮರಿಯಳ ವಿಗ್ರಹವನ್ನು ಹೊತ್ತು ಈ ಕಾಡನ್ನು ಹೊಕ್ಕವೆಂದು ಹೇಳುವರು. ಅಲ್ಲಿಯ ಮಣ್ಣು ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯು ಕ್ರಮೇಣ ಹರಡಿತು. ತಮಿಳರಲ್ಲದೆ ಸಿಂಹಳರೂ, ಕ್ರೈಸ್ತರಲ್ಲದೆ ಹಿಂದೂಗಳೂ ಬೌದ್ಧರೂ ಅಲ್ಲಿಗೆ ಹರಕೆ ಹೊತ್ತು ಬರುವವರಾದರು.

ಆ ದ್ವೀಪದಲ್ಲಿ ಇಂತಹ ಸೇವೆಗೆ ಮೇಲ್ಪಂಕ್ತಿ ಹಾಕಿದವನು ಗೋವೆಯ ಕೊಂಕಣಿ ಪಾದ್ರಿ ಜೋಸೆಫ್ ವಾಜ್. ಈತನು 1681ರಿಂದ ಕೆಲವು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿದ್ದು, 1687ರಲ್ಲಿ ವೇಷ ಮರೆಸಿ ಸಿಂಹಳಕ್ಕೆ ಹೋದನು. ಕ್ಯಾಂಡಿಯ ಬೌದ್ಧ ಅರಸನು ಮೊದಲು ಗೂಢಚಾರನೆಂದು ಶಂಕಿಸಿ ಈತನನ್ನು ಸೆರೆಯಲ್ಲಿಟ್ಟಿದ್ದನು. 1697ರಲ್ಲಿ ಅಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ತೊರೆದು ಓಡಿದಾಗ, ಈತನು ಅವರನ್ನು ಎತ್ತಿ ತಂದು ಉಪಚರಿಸಿದನು, ಮತಭೇದವನ್ನೆಣಿಸಲಿಲ್ಲ. ಓಬ್ಲೇಟ್ ಸಭೆಯ ಫ್ರೆಂಚ್ ಪಾದ್ರಿಗಳಲ್ಲೊಬ್ಬನಾದ ಬೋಂಜಾನ್ ಮುಂದೆ ಬಿಷಪ್ಪನಾಗಿ, 1872ರಲ್ಲಿ ಮಡುವಿನ ಈಗಿನ ದೇವಾಲಯಕ್ಕೆ ಅಸ್ತಿಭಾರವನ್ನಿಟ್ಟನು.

1983ರಿಂದ 2009ರವರೆಗೆ ನಡೆದ ಅಂತರ್ಯುದ್ಧವು ಈ ಯಾತ್ರಾಸ್ಥಳವನ್ನು ಮತ್ತೆ ನಿರಾಶ್ರಿತರ ಬೀಡಾಗಿ ಮಾಡಿತು. 1990ರಿಂದ ಸಹಸ್ರಾರು ಜನ ದೇವಾಲಯದ ಸುತ್ತಲೂ ಗುಡಿಸಲು ಕಟ್ಟಿಕೊಂಡು ನೆಲಸಿದರು. 1999ರ ನವೆಂಬರಿನಲ್ಲಿ ಫಿರಂಗಿಗುಂಡುಗಳು ಆ ಆವರಣದಲ್ಲಿಯೇ ಬಿದ್ದು, ಆಶ್ರಯ ಪಡೆದಿದ್ದ ಮೂವತ್ತಕ್ಕೂ ಹೆಚ್ಚು ಮಂದಿ ಮಡಿದರು; ಸೈನ್ಯವೂ ಹುಲಿಗಳೂ ಪರಸ್ಪರರತ್ತ ಬೆರಳು ತೋರಿದರು. 2008ರ ಏಪ್ರಿಲಿನಲ್ಲಿ ಯುದ್ಧವು ಹತ್ತಿರ ಬಂದಾಗ, ಮುನ್ನೂರು ವರ್ಷಗಳ ಹಿಂದೆ ಹೊತ್ತು ತಂದಿದ್ದ ವಿಗ್ರಹವನ್ನು ಪಾದ್ರಿಗಳು ಮತ್ತೆ ಹೊತ್ತು ನಡೆದರು. ಆಗಸ್ಟಿನಲ್ಲಿ ಅದು ಹಿಂದಿರುಗಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಯಾತ್ರಿಕರ ಸೇವೆಗೆ ನಿಂತವರು ರಾಜಕಾರ್ಯದ ಮಾತೆತ್ತಿದರೆ ಒಂದು ಪಕ್ಷಕ್ಕೆ ಶತ್ರುಗಳಾಗುವರು. ಶತ್ರುವೆನಿಸಿದವನ ಬಾಗಿಲಿಗೆ ಆ ಪಕ್ಷದವರು ಬರಲಾರರು. ಆದುದರಿಂದ ಮೌನವೇ ಲೇಸು, ಹಳೆಯ ಹುಣ್ಣನ್ನು ಕೆದಕಬಾರದು ಎಂದು. ಈ ವಾದವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ದೇವಾಲಯದ ನೆರಳು ಎರಡೂ ಕಡೆಯವರಿಗೆ ಬೇಕು. ಆದರೆ ಕೀವು ತುಂಬಿದ ಹುಣ್ಣಿನ ಮೇಲೆ ಬಟ್ಟೆ ಕಟ್ಟುವವನನ್ನು ಯಾರೂ ವೈದ್ಯನೆನ್ನಲಾರರು.

ಮನ್ನಾರಿನ ಬಿಷಪ್ಪರಾಗಿದ್ದ ರಾಯಪ್ಪು ಜೋಸೆಫರು 2011ರ ಜನವರಿಯಲ್ಲಿ ಸರಕಾರದ ವಿಚಾರಣಾ ಆಯೋಗದ ಮುಂದೆ ಒಂದು ಲೆಕ್ಕವನ್ನಿಟ್ಟರು. 2008ರ ಅಕ್ಟೋಬರಿನಲ್ಲಿ ವನ್ನಿ ಪ್ರದೇಶದಲ್ಲಿದ್ದ ಜನ, ಸರಕಾರಿ ಕಚೇರಿಗಳ ಎಣಿಕೆಯಂತೆ, 4,29,059. ಯುದ್ಧ ಮುಗಿದು 2009ರ ಜುಲೈ ವೇಳೆಗೆ ಸರಕಾರದ ಹತೋಟಿಯ ಪ್ರದೇಶಕ್ಕೆ ಬಂದವರು, ವಿಶ್ವಸಂಸ್ಥೆಯ ಎಣಿಕೆಯಂತೆ, 2,82,380. ಉಳಿದ 1,46,679 ಮಂದಿ ಎಲ್ಲಿ? ಅವರೆಲ್ಲರೂ ಸತ್ತರೆಂದು ಬಿಷಪ್ಪರು ನಿರ್ಣಯ ಕೊಡಲಿಲ್ಲ; ಏನಾದರೆಂದು ಕೇಳಿದರು, ಅಷ್ಟೆ. ಹುಲಿಗಳ ಪಕ್ಷಪಾತಿ ಎಂಬ ನಿಂದೆ ಅವರಿಗೆ ತಪ್ಪಲಿಲ್ಲ. ವ್ಯವಕಲನವೊಂದನ್ನು ಮಾಡಿದುದಕ್ಕೆ ಇಷ್ಟು ಕೋಪ ಬಂದುದು ವಿಚಾರಣೀಯವಾಗಿದೆ. ಅನ್ನವಿಕ್ಕುವಾಗ ಎಲೆಗಳನ್ನೆಣಿಸಿದ್ದವನು, ಮರುದಿನ ಎಲೆಗಳು ಕಡಿಮೆಯಾದರೆ ಕೇಳದಿರಬೇಕೆ? ಕೇಳದಿದ್ದರೆ ನಿನ್ನೆಯ ಅನ್ನವೂ ಕೇವಲ ಆಚಾರವಾಗುವುದು.

2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಜೋಸೆಫ್ ವಾಜನನ್ನು ಸಂತನೆಂದು ಘೋಷಿಸಿ, ಅದೇ ದಿನ ಮಡುವಿಗೆ ಹೋದರು. ಹಿಂದಿನ ದಿನ ದ್ವೀಪದಲ್ಲಿ ಇಳಿದೊಡನೆ, ಸತ್ಯಾನ್ವೇಷಣೆಯಿಲ್ಲದೆ ಗಾಯ ಮಾಯದೆಂಬ ಭಾವದ ಮಾತನ್ನಾಡಿದ್ದರು. ಮಡುವಿನಲ್ಲಿ ಕ್ಷಮೆಯ ಮಾತು ಬಂದಿತು. ಕ್ಷಮೆಯಲ್ಲಿ ಒಂದು ಸೂಕ್ಷ್ಮವಿದೆ. ಅನ್ನವನ್ನು ಗುರುವೂ ನೀಡಬಹುದು, ಪಾದ್ರಿಯೂ ನೀಡಬಹುದು. ಕ್ಷಮೆಯನ್ನು ಮಾತ್ರ ನೊಂದವನ ಪರವಾಗಿ ಮತ್ತೊಬ್ಬನು ನೀಡಲಾಗದು. ಮಗನನ್ನು ಕಳೆದುಕೊಂಡ ತಾಯಿಗೆ ಮಗನೇನಾದನೆಂಬುದೇ ತಿಳಿಯದಿರುವಾಗ, ಅವಳು ಯಾರನ್ನು, ಯಾವುದಕ್ಕಾಗಿ ಕ್ಷಮಿಸಬೇಕು?

2017ರಲ್ಲಿ ಕಿಳಿನೊಚ್ಚಿಯಲ್ಲಿಯೂ ವವುನಿಯಾದಲ್ಲಿಯೂ ತಮಿಳು ತಾಯಂದಿರು ಮಕ್ಕಳ ಭಾವಚಿತ್ರಗಳನ್ನು ಹಿಡಿದು ರಸ್ತೆಯ ಬದಿಯಲ್ಲಿ ಕುಳಿತರು. ದಕ್ಷಿಣದ ಸಿಂಹಳ ಮನೆಗಳಲ್ಲಿಯೂ ಯುದ್ಧಕ್ಕೆ ಹೋಗಿ ಮರಳದ, ಶವವೂ ದೊರೆಯದ ಸೈನಿಕರ ತಾಯಂದಿರಿದ್ದಾರೆ. ಆಗಸ್ಟ್ 15ರ ಉತ್ಸವಕ್ಕೆ ಎರಡು ಕಡೆಯ ಜನರೂ ಮಡುವಿಗೆ ಬರುತ್ತಾರೆ, ಒಂದೇ ಕಾಡಿನ ಮರಗಳ ಕೆಳಗೆ ಬಿಡಾರ ಹೂಡುತ್ತಾರೆ. ಪ್ರಾರ್ಥನೆ ತಮಿಳಿನಲ್ಲಿಯೂ ನಡೆಯುವುದು, ಸಿಂಹಳದಲ್ಲಿಯೂ ನಡೆಯುವುದು.