ದೂರದವರ ಪ್ರೀತಿಯೂ ಮನೆಯವರ ಋಣವೂ

ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆಯನ್ನು ನೀವು ಬಲ್ಲಿರಿ. ದೂರದೇಶದ ದರಿದ್ರರಿಗಾಗಿ ಪ್ರಯಾಸಪಡುವವನು ಸ್ವಂತ ಮನೆಯವರನ್ನು ಅಲಕ್ಷ್ಯಮಾಡುವದು ಧರ್ಮವೋ? ಇದನ್ನು ವಿಚಾರಿಸುವದಕ್ಕೆ ಆಂಗ್ಲ ಗ್ರಂಥಕರ್ತನಾದ ಚಾರ್ಲ್ಸ್ ಡಿಕನ್ಸನು ೧೮೫೨-೫೩ರಲ್ಲಿ ಪ್ರಕಟಿಸಿದ 'ಬ್ಲೀಕ್ ಹೌಸ್' ಎಂಬ ಕಾದಂಬರಿಯು ಸಹಾಯವಾಗುತ್ತದೆ.

ಅದರಲ್ಲಿ ಜೆಲ್ಲಿಬಿ ಎಂಬ ದೊರೆಸಾನಿಯು ಲಂಡನಿನಲ್ಲಿ ವಾಸಿಸುತ್ತಾಳೆ. ಆಫ್ರಿಕದ ನೈಜರ್ ನದೀತೀರದಲ್ಲಿ ಆಂಗ್ಲ ಕುಟುಂಬಗಳನ್ನು ನೆಲೆಗೊಳಿಸಿ, ಕಾಫಿ ಬೆಳೆಯಿಸಿ, ಅಲ್ಲಿಯವರಿಗೆ ವಿದ್ಯೆ ಕಲಿಸಬೇಕೆಂಬದೇ ಅವಳ ಹಗಲಿರುಳಿನ ಚಿಂತೆ. ತಾಯಿಯ ಪತ್ರಗಳನ್ನು ಬರೆದು ಬರೆದು ಹಿರೀ ಮಗಳ ಕೈಯೆಲ್ಲಾ ಮಸಿ. ಎಳೆಯ ಮಗನು ಕಬ್ಬಿಣದ ಸರಳುಗಳಲ್ಲಿ ತಲೆ ಸಿಕ್ಕಿಸಿಕೊಂಡು ಅಳುತ್ತಾನೆ. ಗಂಡನು ಮಾತಿಲ್ಲದೆ ಗೋಡೆಗೆ ತಲೆಯೊರಗಿಸಿ ಕೂತಿದ್ದು ಕಡೆಗೆ ದಿವಾಳಿಯಾಗುತ್ತಾನೆ. ಇದೊಂದೂ ಅವಳ ಮನಸ್ಸಿಗೆ ತಾಕುವದಿಲ್ಲ. ಈ ಕಥೆಗೆ ಆಧಾರವಿಲ್ಲದಿಲ್ಲ; ೧೮೪೧ರಲ್ಲಿ ಆಂಗ್ಲ ಸರಕಾರವು ದಾಸವ್ಯಾಪಾರವನ್ನು ನಿಲ್ಲಿಸಲಿಕ್ಕೂ ಬೇಸಾಯ ಕಲಿಸಲಿಕ್ಕೂ ಮೂರು ಹೊಗೆಹಡಗುಗಳನ್ನು ಅದೇ ನದಿಗೆ ಕಳುಹಿಸಿತು; ಜ್ವರದಿಂದ ಅನೇಕರು ಸತ್ತು ಕಾರ್ಯವು ಕೆಟ್ಟಿತು.

ಹಾಗಾದರೆ ದೂರದವರ ಗೊಡವೆಯೇ ಬೇಡವೆನ್ನೋಣವೋ? ನಾವು ಹಾಗೆನ್ನಕೂಡದು. ೧೮೩೪ರಲ್ಲಿ ಬಾಸೆಲ್ ಮಿಶನಿನ ಬೋಧಕರು ಸ್ವಜನರನ್ನು ಬಿಟ್ಟು ಮಂಗಳೂರಿಗೆ ಬಾರದಿದ್ದರೆ ನಮ್ಮ ಸಭೆಗಳಲ್ಲಿ ಎಷ್ಟೋ ಇಂದು ಇರುತ್ತಿರಲಿಲ್ಲ. ಆ ಬೋಧಕರ ಮಕ್ಕಳಲ್ಲಿ ಅನೇಕರು ಚಿಕ್ಕಂದಿನಲ್ಲೇ ಯೂರೋಪಿಗೆ ಕಳುಹಿಸಲ್ಪಟ್ಟು, ತಂದೆತಾಯಿಗಳನ್ನಗಲಿ ಬೆಳೆದರು. ಆ ಪ್ರೀತಿಯ ಫಲವನ್ನುಂಡ ನಾವು ಅದನ್ನು ಹಾಸ್ಯಮಾಡಬಾರದು. ಅದಕ್ಕಾಗಿ ಮಕ್ಕಳು ತೆತ್ತ ಬೆಲೆಯನ್ನೂ ಮರೆಯಬಾರದು.

ಆದರೆ ಭೇದವುಂಟು. ಬೋಧಕರು ತಾವು ಹೋದ ಊರಿನ ಭಾಷೆಯನ್ನು ಕಲಿತು ಜನರ ಮುಖವನ್ನರಿತರು. ಜೆಲ್ಲಿಬಿಯು ಲಂಡನಿನಲ್ಲೇ ಕೂತು ಪತ್ರ ಬರೆದಳು. ಅಲ್ಲಿನ ಅರಸನು ಹವೆಗೆ ಸಾಯದೆ ಉಳಿದವರನ್ನು ಸಾರಾಯಿಗೋಸ್ಕರ ಮಾರಬೇಕೆಂದದರಿಂದ ಅವಳ ಕಾರ್ಯವು ಮುರಿದುಬಿತ್ತು. ಆಗ ಸ್ತ್ರೀಯರು ಪಾರ್ಲಿಮೆಂಟಿನಲ್ಲಿ ಕೂಡ್ರುವ ಹಕ್ಕಿಗಾಗಿ ಇನ್ನೂ ಹೆಚ್ಚು ಪತ್ರಗಳನ್ನು ಬರೆಯತೊಡಗಿದಳು. ಆ ಹಕ್ಕು ನ್ಯಾಯವಾದದ್ದೇ. ಆದರೂ ಅವಳು ಪ್ರೀತಿಸಿದ್ದು ಮನುಷ್ಯರನ್ನಲ್ಲ, ತನ್ನ ಕಾರ್ಯವನ್ನೇ. ಹತ್ತಿರದವರನ್ನು ಕಾಣದ ಕಣ್ಣು ದೂರದವರನ್ನೂ ಕಾಣಲಿಲ್ಲ.

ದೇವರಿಗೆ ಕೊಟ್ಟೆನೆಂದು ಹೇಳಿ ತಂದೆತಾಯಿಗಳ ಪೋಷಣೆಯನ್ನು ತಪ್ಪಿಸಿಕೊಳ್ಳುವವರನ್ನು ಕರ್ತನು ಗದರಿಸಿದನು (ಮಾರ್ಕ ೭). ಲೋಕವೆಲ್ಲದರ ಪಾಪವನ್ನು ಹೊತ್ತು ಶಿಲುಬೆಯ ಮೇಲೆ ತೂಗುತ್ತಿದ್ದಾಗಲೂ ಆತನು ತನ್ನ ತಾಯಿಯನ್ನು ಮರೆಯದೆ ಶಿಷ್ಯನಿಗೆ ಒಪ್ಪಿಸಿದನು (ಯೋಹಾನ ೧೯). ಆದಕಾರಣ, ಸಹೋದರರೇ, ದೂರದೇಶದ ಕ್ಷಾಮಕ್ಕಾಗಿ ಕಾಣಿಕೆ ಹಾಕುವ ಕೈಯೇ ಮನೆಯ ಮುದುಕಿಗೆ ಗಂಜಿಯನ್ನೂ ನೀಡಲಿ. ಪ್ರೀತಿಯು ಒಂದೇ, ಮನೆಯ ಹೊಸ್ತಿಲಲ್ಲಿ ಅದನ್ನು ಕಲಿತವನೇ ಸಮುದ್ರದಾಚೆಗೂ ಅದನ್ನು ಒಯ್ಯುವನು.